ಬೇಳೆ ಬೇಯದ ನೀರು

ಜಮಖಂಡಿಯ ಸಾಕುವ ಬಣ್ಣದ ಮೀನು ಮಾರುವ ನನ್ನ ಅಂಗಡಿಯಲ್ಲಿ ಬೆಳಿಗ್ಗೆ ನಳ ತಿರುವಿದರೆ ನೀರಿಗಿಂತ ಮುಂಚೆ ಬ್ಲೀಚಿಂಗ್ ಪುಡಿಯ ವಾಸನೆ ಬರುತ್ತದೆ. ಅದು ಮೂಗಿಗೆ ತಾಗಿದ್ದೇ ತಡ, ನಾನು ರಬಕವಿಯ ನಮ್ಮ ಹಳೆಯ ಮನೆಯ ಹಿತ್ತಿಲಿನಲ್ಲಿರುತ್ತೇನೆ. ಒಳಗೆ ಅಪ್ಪನ ಮಗ್ಗದ ಸದ್ದು, ಬಾವಿಯ ಕಟ್ಟೆಯ ಮೇಲೆ ಹಸಿ ನೂಲಿನ ಲಡಿಯ ಹಾಗೆ ಇಳಿಬಿದ್ದ ಬಿಸಿಲು, ಅದರ ನಡುವೆ ಕುಕ್ಕರಗಾಲಲ್ಲಿ ಕೂತು ಉಪ್ಪಿನಕಾಯಿಯ ಗಾಜಿನ ಭರಣಿಯೊಳಗೆ ಇಣುಕುತ್ತಿರುವ ನೀಲವ್ವತ್ತೆ.

ಅವಳು ಅಪ್ಪನ ಅಕ್ಕ. ಮಕ್ಕಳಿರಲಿಲ್ಲ, ಗಂಡ ತೀರಿಕೊಂಡ ಮೇಲೆ ನಮ್ಮಲ್ಲಿಗೇ ಬಂದು ನಿಂತವಳು. ನಮ್ಮ ಬಾವಿಯದು ಸವುಳು ನೀರು. ಅದರಲ್ಲಿ ಬೇಳೆ ಬೇಯುತ್ತಿರಲಿಲ್ಲ, ಸಾಬೂನು ನೊರೆ ಬಿಡುತ್ತಿರಲಿಲ್ಲ. ಮನೆಯವರು ಅದನ್ನೇ ಕುಡಿಯುತ್ತಿದ್ದೆವು. ಓಣಿಯ ನಳದಿಂದ ಹೊತ್ತು ತಂದ ಸೀ ನೀರು ಅಡುಗೆಗೆ, ಮತ್ತೆ ಬಂದ ಬೀಗರಿಗೆ. ಸೊಳ್ಳೆ ಮರಿ ತಿನ್ನಲೆಂದು ಮಲೇರಿಯಾದವರು ಆ ಬಾವಿಗೆ ಗಪ್ಪಿ ಮೀನು ಬಿಟ್ಟು ಹೋಗಿದ್ದರು. ಒಂದು ದಿನ ನೀರು ಸೇದುವಾಗ ಕೊಡದೊಳಗೆ ಹೊಟ್ಟೆ ಉಬ್ಬಿದ ಹೆಣ್ಣು ಮೀನೊಂದು ಬಂತು. ನಾನು ಅದನ್ನು ಭರಣಿಗೆ ಬಿಟ್ಟೆ. ಗಪ್ಪಿ ಮೊಟ್ಟೆ ಇಡದೆ ಮರಿಯನ್ನೇ ಹಾಕುತ್ತದೆಂದು ಕೇಳಿದ ಅತ್ತೆಯ ಮುಖವೇ ಬೇರೆಯಾಯಿತು. "ತವರಮನಿಗಿ ಬಂದಾಳ. ಇಕಿ ಬಾಣಂತನ ನಾನ ಮಾಡ್ತೀನಿ," ಎಂದಳು.

ಮರುದಿನ ಅವಳು ಭರಣಿಯಲ್ಲಿದ್ದ ಬಾವಿಯ ನೀರನ್ನೆಲ್ಲ ಚೆಲ್ಲಿ, ಅದನ್ನು ತಿಕ್ಕಿ ತೊಳೆದು, ಆಗಷ್ಟೇ ನಳದಿಂದ ತಂದ, ಬ್ಲೀಚಿಂಗ್ ವಾಸನೆಯ ಸೀ ನೀರು ತುಂಬಿದಳು.

"ಅತ್ತಿ, ಬಾವ್ಯಾಗ ಛಲೋನ ಇತ್ತಲ್ಲ ಬೇ."

"ಬಸರ ಹೆಂಗಸಿಗಿ ಸವುಳ ನೀರು ಕುಡಸ್ತಾರೇನ, ಹುಚ್ಚಿ? ಮಂದಿ ನಗತಾರ."

ಮಧ್ಯಾಹ್ನದ ಹೊತ್ತಿಗೆ ಮೀನು ಮೇಲೆ ಬಂದು ಬಾಯಿ ತೆರೆಯುತ್ತಿತ್ತು. ಸಂಜೆಗೆ ಮುಂಚೆಯೇ ಹೊಟ್ಟೆ ಮೇಲಾಯಿತು. ಅತ್ತೆ ಅದನ್ನು ಮಲ್ಲಿಗೆಯ ಬುಡದಲ್ಲಿ ಮಣ್ಣು ಮಾಡಿದಳು. "ಇದ್ದದ್ರಾಗ ಛಲೋದನ್ನ ಕೊಟ್ಟಿದ್ನಲ್ಲ," ಎಂದು ಎಷ್ಟೋ ದಿನ ತನ್ನಷ್ಟಕ್ಕೆ ಅನ್ನುತ್ತಿದ್ದಳು.

ಈಗಲೂ ಗಿರಾಕಿಗಳು ಬಂದು, "ಅಕ್ಕಾರ, ಫಿಲ್ಟರ್ ನೀರ ಹಾಕೀನ್ರಿ, ಆದ್ರೂ ಸತ್ತಾವು," ಎನ್ನುತ್ತಾರೆ. "ನಿಮ್ಮನ್ಯಾಗ ಬ್ಯಾಳಿ ಬೇಯದ ನೀರು ಐತೇನ್ರಿ? ಅದನ್ನ ಹಾಕ್ರಿ," ಎನ್ನುತ್ತೇನೆ. ನಿಮಗೂ ಹೇಳುತ್ತೇನೆ, ಕೇಳಿ. ಗಪ್ಪಿಗೆ ಗಡಸು ನೀರೇ ಹಿತ. ನಳದ ನೀರಾದರೆ ಅಗಲ ಬಾಯಿಯ ಪಾತ್ರೆಯಲ್ಲಿ ಒಂದು ದಿನ ತೆರೆದಿಟ್ಟು ವಾಸನೆ ಹೋಗಲು ಬಿಡಿ. ಒಮ್ಮೆಲೇ ಎಲ್ಲ ನೀರು ಚೆಲ್ಲಬೇಡಿ. ಮೂರರಲ್ಲಿ ಒಂದು ಪಾಲು ಬದಲಿಸಿದರೆ ಸಾಕು. ಮೀನಿನ ತೊಟ್ಟಿಗೆ ಗಿಡ ಕೊಳ್ಳುವಾಗ ಅಗಲ ಎಲೆಯ ಚಂದಕ್ಕೆ ಮರುಳಾಗಬೇಡಿ. ಎಳೆಎಳೆಯಾಗಿ ತೇಲುವ ಹುಲ್ಲು ತನ್ನಿ. ಹೆತ್ತ ತಾಯಿಯೇ ಮರಿಯನ್ನು ನುಂಗುತ್ತದೆ, ಆ ಎಳೆಗಳ ಸಂದಿಯಲ್ಲಿ ಮರಿ ಬದುಕುತ್ತದೆ.

ಎರಡನೆಯ ಬಸುರಿ ಮೀನು ಸಿಕ್ಕಾಗ ನಾನು ಅತ್ತೆಯೊಡನೆ ಚೌಕಾಸಿಗೆ ಇಳಿದೆ. ನೀರು ನಾನು ಹೇಳಿದ್ದು, ಉಳಿದದ್ದೆಲ್ಲ ಅವಳದು. ಒಪ್ಪಿದಳು. ಹೊಳೆಯಿಂದ ದಾರದಂಥ ಹುಲ್ಲು ತಂದು, ತೊಳೆದು, ಲಡಿ ಬಿಡಿಸುವ ಹಾಗೆ ಬಿಡಿಸಿ ಬಾವಿಯ ನೀರಿನಲ್ಲಿ ತೇಲಿಬಿಟ್ಟಳು. ಹತ್ತು ದಿನ ಭರಣಿಯ ಮುಂದೆಯೇ ಕೂತಳು. ಒಂದು ಮುಂಜಾನೆ ಹುಲ್ಲಿನ ನಡುವೆ ಕಣ್ಣುಗಳಷ್ಟೇ ಕಾಣುವ ಮರಿಗಳು ನಿಂತಿದ್ದವು. ಅತ್ತೆ ಬಾಣಂತಿಯರಿಗೆ ಮಾಡುವ ಅಂಟಿನುಂಡಿ ಕಟ್ಟಿ ಓಣಿಗೆಲ್ಲ ಹಂಚಿದಳು.

"ಗಂಡೋ ಹೆಣ್ಣೋ, ನೀಲವ್ವಾ?" ಎಂದು ನೆರೆಯವರು ಕಾಡಿಸಿದರು.

"ಹತ್ತಿಪ್ಪತ್ತು ಅದಾವು. ಒಂದೊಂದ ಹಿಡದ ನೋಡ್ಕೋರಿ."

ಮುಂದೆ ಮಗ್ಗ ನಿಂತವು. ಮನೆ ಕೊಂಡವರು ಬಾವಿ ಮುಚ್ಚಿ ಅದರ ಮೇಲೆ ಶೆಡ್ಡು ಎಬ್ಬಿಸಿದರು. ಅತ್ತೆ ಕೊನೆಯವರೆಗೂ ಜಮಖಂಡಿಯಲ್ಲಿ ನನ್ನ ಜೊತೆಗಿದ್ದಳು. ಅನ್ನ ಬಿಟ್ಟ ನಾಲ್ಕನೆಯ ದಿನ ನಾನು ಚಮಚದಲ್ಲಿ ಫಿಲ್ಟರ್ ನೀರು ಹಿಡಿದೆ. ಮುಖ ತಿರುವಿದಳು.

"ನಾ ಏನ ಬೀಗತಿ ಏನ, ತಂಗಿ? ಬಾವೀದು ಕೊಡು."

ಲೋಟ ಹಿಡಿದು ಅಡುಗೆಮನೆಗೆ ಹೋಗಿ, ಅದೇ ನೀರನ್ನು ಮರಳಿ ತಂದು ಬಾವಿಯದು ಎಂದೆ. ಅವಳು ಒಂದು ಗುಟುಕು ನುಂಗಿ, ಬಾಯಿಯೊಳಗೆ ನಾಲಿಗೆ ಆಡಿಸಿ ನೋಡಿದಳು. ಆಮೇಲೆ ಮೆಲ್ಲಗೆ ನನ್ನ ಕೈ ಸವರಿದಳು.

"ಸೀ ಐತಲ್ಲ," ಎಂದಳು.