ಸೋಲುವ ಹಕ್ಕು

ಬ್ಯಾಡಗಿ ಮೆಣಸಿನಕಾಯಿ ಕಣ್ಣಿಗೆ ಕೆಂಪು, ನಾಲಗೆಗೆ ಸಾಧು ಎಂದು ಲೋಕವೆಲ್ಲ ಹೊಗಳುತ್ತದೆ; ಅದರ ತೊಟ್ಟು ಬಿಡಿಸುವವರ ಬೆರಳುಗಳನ್ನು ಮಾತ್ರ ಯಾರೂ ಕೇಳುವುದಿಲ್ಲ. ಅಂದು ಮಧ್ಯಾಹ್ನ ಮೊರದ ತುಂಬ ಕಾಯಿ ಹರವಿಕೊಂಡು, ಮೂಗಿಗೆ ಸೆರಗು ಕಟ್ಟಿ ಕುಳಿತಿದ್ದೆ. ಪಕ್ಕದಲ್ಲಿಟ್ಟ ಮೊಬೈಲು ಯುರೋಪಿನ ಲಿಕ್ಟೆನ್‌ಸ್ಟೈನ್ ಎಂಬ ಪುಟ್ಟ ದೇಶದ ಸಂಸತ್ ಚುನಾವಣೆಯ ಸುದ್ದಿ ಹೇಳುತ್ತಿತ್ತು. ಎಷ್ಟು ಪುಟ್ಟದೆಂದರೆ, ಹಾವೇರಿ ಬಿಟ್ಟ ಬಸ್ಸು ರಾಣೆಬೆನ್ನೂರು ಮುಟ್ಟುವಷ್ಟರಲ್ಲಿ ಆ ದೇಶವೇ ಮುಗಿದುಹೋಗುತ್ತದೆ, ಗೆಳೆಯರೇ. ಸೈನ್ಯವಿಲ್ಲ, ವಿಮಾನ ನಿಲ್ದಾಣವಿಲ್ಲ, ಗುಡ್ಡದ ಮೇಲಿನ ಕೋಟೆಯಲ್ಲಿ ಇಂದಿಗೂ ಒಬ್ಬ ರಾಜನಿದ್ದಾನೆ. ಆದರೂ ಅಲ್ಲಿ ಚುನಾವಣೆ ನಡೆಯುತ್ತದೆ.

ಅಷ್ಟು ಪುಟ್ಟ ದೇಶದ ಜನರಲ್ಲಿ ಬೀಗರು, ನೆಂಟರು, ದಾಯಾದಿಗಳು ಬಿಟ್ಟರೆ ಇನ್ನು ಯಾರಿದ್ದಾರು ಎಂದು ಮೊದಲು ನಗು ಬಂತು. ಸೋದರಮಾವನ ಎದುರು ನಿಂತು ಓಟು ಕೇಳಿ, ಮರುದಿನ ಅವನ ಅಂಗಡಿಯಲ್ಲೇ ಹಾಲು ಕೊಳ್ಳುವುದು ಹೇಗೆ? ಹೇಗೋ ಕೊಳ್ಳುತ್ತಾರೆ. ನಾನು ಹೈಸ್ಕೂಲಿಗೆ ಹೋಗುತ್ತಿದ್ದ ಕಾಲಕ್ಕೂ, ಅಂದರೆ ಎಂಬತ್ತರ ದಶಕದ ಮೊದಲಿಗೂ, ಅಲ್ಲಿಯ ಹೆಂಗಸರಿಗೆ ಈ ಚುನಾವಣೆಯಲ್ಲಿ ಮತವಿರಲಿಲ್ಲವಂತೆ. ಕೊಡಬೇಕೋ ಬೇಡವೋ ಎಂದು ಗಂಡಸರೇ ಓಟು ಹಾಕಿ, ಬೇಡ ಬೇಡ ಎನ್ನುತ್ತ, ಕೊನೆಗೆ ಹೂಂ ಎಂದರಂತೆ. ಇಂದು ಹೆಂಗಸೇ ಆ ಸರಕಾರ ನಡೆಸುತ್ತಿದ್ದಾಳೆ. ನಮಗೋ ಗಣರಾಜ್ಯದೊಂದಿಗೇ ಮತ ಬಂತು, ಯಾರ ಕಾಲನ್ನೂ ಹಿಡಿಯಬೇಕಾಗಲಿಲ್ಲ. ಅದನ್ನು ನಾವು ಎಷ್ಟು ಜೋಪಾನ ಮಾಡಿದ್ದೇವೆಂಬುದನ್ನು ನನ್ನ ನಾದಿನಿ ರತ್ನವ್ವನನ್ನು ಕೇಳಬೇಕು.

ರಾಣೆಬೆನ್ನೂರು ಕಡೆಯ ಮೇಡ್ಲೇರಿಯ ಆಚೆ, ಹೊಳೆದಂಡೆಯ ಒಂದು ಊರಿನಲ್ಲಿ ಅವಳದು ಹಿಟ್ಟಿನ ಗಿರಣಿ. ಜೋಳ ಬೀಸಿಸಲು ಬರುವ ಹೆಂಗಸರೆಲ್ಲ ಅವಳ ಮುಂದೆ ತೋಡಿಕೊಳ್ಳುತ್ತಿದ್ದ ಸಂಕಟ ಒಂದೇ: ಕುಡಿಯುವ ನೀರಿನ ಘಟಕಕ್ಕೆ ಬೀಗ ಬಿದ್ದು ಎಷ್ಟೋ ಕಾಲವಾಗಿದೆ, ಕೊಡ ಹೊತ್ತು ಸೊಂಟ ಸೋತಿದೆ. ವಾರ್ಡಿನ ಪಂಚಾಯ್ತಿ ಸದಸ್ಯ ತೀರಿಕೊಂಡು ಉಪಚುನಾವಣೆ ಬಂದಾಗ ರತ್ನವ್ವ ನಾಮಪತ್ರ ಹಾಕಿದಳು. ತೀರಿಕೊಂಡವನ ಮಗನೂ ಹಾಕಿದ್ದ. ಊರಿನ ಹಿರಿಯರಿಗೆ ಎದೆಯೊಡೆಯಿತು. ಸಣ್ಣ ಊರು, ನಾಳೆ ಒಬ್ಬರ ಮುಖ ಒಬ್ಬರು ನೋಡಬೇಕು, ಅವಿರೋಧ ಆಯ್ಕೆಯಾದರೇ ಊರಿಗೆ ಶೋಭೆ ಎಂದರು. ಒಬ್ಬರ ಮುಖ ಒಬ್ಬರು ಅಷ್ಟು ಅಕ್ಕರೆಯಿಂದ ನೋಡುವ ಆ ಊರಿನಲ್ಲಿ, ಬೀಗ ಬಿದ್ದ ನೀರಿನ ಘಟಕವನ್ನು ಮಾತ್ರ ಯಾರೂ ನೋಡಿರಲಿಲ್ಲ.

ನಾಮಪತ್ರ ಹಿಂತೆಗೆದುಕೊಳ್ಳುವ ಕೊನೆಯ ದಿನ ಬೆಳಿಗ್ಗೆ ಅವರು ಅವಳ ಮನೆಗೆ ಭಂಡಾರದ ತಟ್ಟೆ ಹಿಡಿದು ಬಂದರು. ಭಂಡಾರವೆಂದರೆ ದೇವರ ಅರಿಶಿನ. ಅದನ್ನು ಮುಟ್ಟಿ ಕೊಟ್ಟ ಮಾತಿಗೆ ತಪ್ಪುವಂತಿಲ್ಲ; ತಟ್ಟೆ ಬಾಗಿಲಿಗೆ ಬಂದ ಮೇಲೆ ಮುಟ್ಟದೆ ಇರುವಂತೆಯೂ ಇಲ್ಲ. ರಾಜನಿರುವ ದೇಶದಲ್ಲಿ ಜನ ಓಟು ಹಾಕುತ್ತಾರೆ, ಪ್ರಜೆಗಳೇ ಪ್ರಭುಗಳಾದ ನಮ್ಮಲ್ಲಿ ತಟ್ಟೆ ಬರುತ್ತದೆ.

ರತ್ನವ್ವ ಹೊಸ್ತಿಲಲ್ಲೇ ನಿಂತು ಹೇಳಿದಳಂತೆ: "ಸೋತರ ಸೋಲ್ತೇನ್ರಿ. ನನ್ನ ಕಡೆ ಎಷ್ಟು ಮಂದಿ ಅದಾರ ಅಂತ ಎಣಿಸಿಯರ ನೋಡ್ರಿ."

"ದೇವರ ಮುಂದ ಎಣಿಕಿ ಯಾಕ ತಂಗಿ," ಎಂದರಂತೆ ಹಿರಿಯರು. "ಊರೆಲ್ಲಾ ಒಂದ ಐತಿ."

ಗಿರಣಿಗೆ ಬರುವ ಹೆಂಗಸರು ದೂರದಲ್ಲಿ ನಿಂತು ನೆಲ ನೋಡಿದರು. ಅವಳು ಬ್ಯಾಡಗಿಗೆ, ತನ್ನ ಅಣ್ಣನಿಗೆ, ಅಂದರೆ ನಮ್ಮ ಮನೆಯವರಿಗೆ ಫೋನು ಮಾಡಿದಳು. ದೇವರೊಡನೆ ಹಟವೇಕೆ, ಮುಟ್ಟಿಬಿಡು ಎಂದರು ಇವರು, ತಾಟಿನ ಮುಂದೆ ಕುಳಿತು ರೊಟ್ಟಿ ಮುರಿಯುತ್ತ. ಆ ರೊಟ್ಟಿ ಬಡಿದವಳು ನಾನು. ನನಗೆ ಮೈ ಉರಿಯಿತು. ಅಲ್ಲಿ ಅವಳು ಮುಟ್ಟಿದಳು. ಅದೇ ಭಂಡಾರವನ್ನು ಅವಳ ಹಣೆಗೆ ಬಳಿದು, ಊರಿನ ಮರ್ಯಾದೆ ಉಳಿಸಿದ ತಾಯಿ ಎಂದು ಹೊಗಳಿ ಎಲ್ಲರೂ ಚಹಾ ಕುಡಿದು ಹೋದರು.

ಮತದಾನವಾಗಬೇಕಿದ್ದ ದಿನ ಆ ಊರಿನಲ್ಲಿ ಏನೂ ಆಗಲಿಲ್ಲ. ಶಾಲೆಯಲ್ಲಿ ಮಕ್ಕಳು ಮಗ್ಗಿ ಒಪ್ಪಿಸಿದವು, ಹೆಂಗಸರು ಕೊಡ ಹೊತ್ತು ಹೊಳೆಗೆ ಹೋದರು. ಸಂಜೆ ಗಿರಣಿ ಬಂದ್ ಮಾಡಿ ರತ್ನವ್ವ ನನಗೆ ಫೋನು ಮಾಡಿದಳು.

"ಸೋತಿದ್ದರ ಒಂದಿನ ಅತ್ತು ಸುಮ್ಮನಾಗ್ತಿದ್ದೆ, ವೈನಿ," ಎಂದಳು. "ಈಗ ಏನಾತಂತ ಅಳ್ಲಿ?"

ನಾನು ಅವಳ ಊಟವಾಯಿತೇ ಎಂದು ಕೇಳಿದೆ.