ಆರಕ್ಕೊಂದು ಏಳು

ಸಂತೇಬೆನ್ನೂರಿನಲ್ಲಿ ಉಡಚಮ್ಮನ ಜೊತೆ ಚೌಕಾಬಾರ ಆಡಲು ಯಾರೂ ಸುಲಭಕ್ಕೆ ಒಪ್ಪುತ್ತಿರಲಿಲ್ಲ. ಗೊತ್ತಿದ್ದೂ ಗೊತ್ತಿದ್ದೂ ಸೋಲುವುದು ಯಾರಿಗೆ ಬೇಕು? ನಾಗರಾಜಪ್ಪನವರ ಕಣದಲ್ಲಿ ಅಡಿಕೆ ಸುಲಿಯುವ ಹೆಂಗಸರು ಮಧ್ಯಾಹ್ನ ಬುತ್ತಿ ಬಿಚ್ಚಿ ಉಂಡಾದ ಮೇಲೆ ನೆಲಕ್ಕೆ ಮನೆ ಗೀರಿ, ಒಂದು ಮಗ್ಗುಲು ತೇಯ್ದ ನಾಲ್ಕು ಹುಣಸೆ ಬೀಜ ಹಿಡಿದು ಕೂರುತ್ತಿದ್ದರು. ಉಳಿದವರು ಬೀಜಕ್ಕೆ ಉಫ್ ಎಂದು ಊದಿ, ಮನೆದೇವರನ್ನು ನೆನೆದು ಹಾಕುವರು. ಉಡಚಮ್ಮ ದೇವರಿಗೆ ತೊಂದರೆ ಕೊಡುತ್ತಿರಲಿಲ್ಲ. ನಾಲ್ಕು ಬೀಜದಲ್ಲಿ ಎರಡು ಬೀಳುವುದೇ ಹೆಚ್ಚು ಎಂಬುದನ್ನು ತವರೂರು ಸೊಕ್ಕೆಯಲ್ಲಿ ಹುಡುಗಿಯಾಗಿದ್ದಾಗಲೇ ಕಂಡುಕೊಂಡಿದ್ದಳು. ಎದುರಿನವರ ಕಾಯಿಗಿಂತ ಸರಿಯಾಗಿ ಎರಡು ಮನೆ ಹಿಂದೆ ತನ್ನ ಕಾಯಿ ನಿಲ್ಲಿಸಿ ಕಾಯುವಳು. ಶಾಲೆಯ ಮೆಟ್ಟಿಲು ಹತ್ತಿದವಳಲ್ಲ. ಹಿಡಿದದ್ದನ್ನು ಬಿಡುವವಳಂತೂ ಅಲ್ಲವೇ ಅಲ್ಲ.

ಅವಳ ಗಂಡ ಸಣ್ಣಪ್ಪ ಮಂಡಿಯಲ್ಲಿ ಹಮಾಲಿ. ಕುಡಿಯುತ್ತಿರಲಿಲ್ಲ, ಬೀಡಿ ಸೇದುತ್ತಿರಲಿಲ್ಲ, ಹೆಂಡತಿಯ ಮೇಲೆ ಕೈ ಎತ್ತಿದವನಲ್ಲ. ಬಂಗಾರದಂಥ ಗಂಡ ಎಂದು ಓಣಿಯವರು ಹೊಗಳುವಾಗ ಉಡಚಮ್ಮ ಸುಮ್ಮನಿರುತ್ತಿದ್ದಳು. ಆ ಬಂಗಾರ ಸಂತೆಯ ದಿನ ಎಲ್ಲಿ ಕರಗುತ್ತದೆಂದು ಅವಳಿಗೆ ಗೊತ್ತಿತ್ತು.

ಸಂತೆಯ ಕೊನೆಗೆ, ಕುರಿ ಮಾರುವ ಜಾಗದ ಹಿಂದೆ, ತಿಪ್ಪೇಶಪ್ಪ ಎಂಬವನು ಬಟ್ಟೆ ಹಾಸಿ ಕೂರುತ್ತಿದ್ದ. ಬಟ್ಟೆಯ ಮೇಲೆ ಮೂರು ಮನೆ: ಮೇಲೆ, ಕೆಳಗೆ, ನಡುವೆ ಏಳು. ಡಬ್ಬಿಯಲ್ಲಿ ಎರಡು ದಾಳ ಕುಲುಕಿ ಬೋರಲು ಹಾಕುವನು. ಎರಡೂ ಸೇರಿ ಏಳಕ್ಕಿಂತ ಹೆಚ್ಚಾದರೆ ‘ಮೇಲೆ’ ಕಟ್ಟಿದವರಿಗೆ ಒಂದಕ್ಕೆ ಒಂದು ಕೊಡುವನು, ಕಡಿಮೆಯಾದರೆ ‘ಕೆಳಗೆ’ ಕಟ್ಟಿದವರಿಗೆ ಅಷ್ಟೇ. ಸರಿಯಾಗಿ ಏಳೇ ಬಿದ್ದರೆ ಮೇಲಿನದೂ ಕೆಳಗಿನದೂ ಬಾಚಿ ತನ್ನ ಚೀಲಕ್ಕೆ ಹಾಕಿಕೊಂಡು, ಏಳಕ್ಕೆ ಕಟ್ಟಿದವನಿಗೆ ಮಾತ್ರ ಒಂದಕ್ಕೆ ನಾಲ್ಕು ಕೊಡುವನು. ದಾಳದಲ್ಲಿ ಮೋಸವಿರಲಿಲ್ಲ. ಅನುಮಾನ ಬಂದವರ ಕೈಗೇ ದಾಳ ಕೊಟ್ಟು ನೋಡಿಕೊಳ್ಳಿ ಎನ್ನುವಷ್ಟು ಮರ್ಯಾದಸ್ಥ ಆ ಮನುಷ್ಯ.

ಅದು ಎಪ್ಪತ್ತೆಂಟನೇ ಇಸವಿ, ದೀಪಾವಳಿ ಕಳೆದಿತ್ತು. ಹುಲ್ಲಿನ ಮನೆಗೆ ಹೆಂಚು ಹೊದಿಸಬೇಕೆಂದು ಗಂಡ ಹೆಂಡತಿ ಎರಡು ವರ್ಷ ಕೂಡಿಟ್ಟ ಮುನ್ನೂರು ರೂಪಾಯಿ ಒಂದು ಬಟ್ಟೆಗಂಟಿನಲ್ಲಿತ್ತು. ಹಿಂದಿನ ಮಳೆಗಾಲದಲ್ಲಿ ಉಡಚಮ್ಮ ಮಗಳನ್ನು ಸೊಂಟಕ್ಕೇರಿಸಿಕೊಂಡು ಸೋರದ ಮೂಲೆ ಹುಡುಕಿ ಹುಡುಕಿ ಸೋತಿದ್ದಳು. ಇನ್ನೊಂದು ಮಳೆಗಾಲ ಹಾಗೆ ಕಳೆಯುವುದಿಲ್ಲ ಎಂದು ಶಪಥ ಮಾಡಿದ್ದಳು. ಸಂತೆಯ ದಿನ ಬೆಳಿಗ್ಗೆ ಸಣ್ಣಪ್ಪ ಆ ಗಂಟಿಗೇ ಕೈ ಹಾಕಿದ.

“ನಾಕು ಸಂತೆಯಿಂದ ಬರೀ ಕೆಳಗೇ ಬೀಳ್ತಾ ಐತೆ ಕಣೇ. ಈ ಸಲ ಮೇಲೆ ಬರಲೇಬೇಕು. ಎರಡರಷ್ಟು ಮಾಡ್ಕಂಡು ಬರ್ತೀನಿ.”

“ಬರಲೇಬೇಕು ಅಂತ ದಾಳಕ್ಕೆ ಯಾರು ಹೇಳ್ಯಾರ್ರಿ?”

“ಲೆಕ್ಕ ಐತೆ ಅದಕ್ಕೆ. ಎರಡರಿಂದ ಹನ್ನೆರಡರ ತನಕ ಹನ್ನೊಂದು ಅಂಕಿ. ಮೇಲೆ ಐದು, ಕೆಳಗೆ ಐದು. ಏಳು ಒಂದೇ ಒಂದು, ಅದು ಯಾವಾಗಲೋ ಒಂದ್ಸಲ ಬೀಳೋದು. ಮಿಕ್ಕಿದ್ದು ಅರ್ಧಕ್ಕರ್ಧ.”

ಕೂಗಾಡಿ ಪ್ರಯೋಜನವಿಲ್ಲವೆಂದು ಉಡಚಮ್ಮನಿಗೆ ತಿಳಿದಿತ್ತು. ಅತ್ತೂ ನೋಡಿದ್ದಳು, ಅದರಿಂದಲೂ ಏನೂ ಆಗಿರಲಿಲ್ಲ. ಗಂಟಿನ ಮೇಲೆ ಕೈ ಊರಿ ಹೇಳಿದಳು, “ಎಂಟು ದಿನ ತಡೀರಿ. ಆ ಆಟ ನಾನು ಕಲಿತೀನಿ. ಗೆಲ್ಲಾಕೆ ದಾರಿ ಐತೆ ಅಂತ ಕಂಡ್ರೆ ಈ ದುಡ್ಡು ನಾನೇ ನಿಮ್ಮ ಕೈಯಾಗೆ ಇಡ್ತೀನಿ. ಇಲ್ಲ ಅಂತ ಕಂಡ್ರೆ ನೀವು ಆಟ ಬಿಡಬೇಕು. ಮಾತು ತಪ್ಪಿದ್ರೆ ನಾನು ಸೊಕ್ಕೆ ಮಗಳೇ ಅಲ್ಲ.”

ಸಣ್ಣಪ್ಪ ನಕ್ಕು ಒಪ್ಪಿಕೊಂಡ. ಚೌಕಾಬಾರದ ರಾಣಿ ಕಲಿತರೆ ತನಗೇ ಲಾಭ ಎಂದುಕೊಂಡನೋ ಏನೋ!

ಚನ್ನಗಿರಿಗೆ ಹೋಗುವವರ ಕೈಯಲ್ಲಿ ಹೇಳಿ ಅವಳು ಎರಡು ದಾಳ ತರಿಸಿದಳು. ಅಂಗಡಿಯಲ್ಲಿ ಒಂದು ಕೆಂಪು, ಒಂದು ಬಿಳಿ ಸಿಕ್ಕಿತು. ಕಣದಲ್ಲಿ ಊಟದ ಹೊತ್ತು ಹುಣಸೆ ಬೀಜ ಮೂಲೆ ಸೇರಿದವು. ಉಡಚಮ್ಮ ದಾಳ ಹಾಕುವಳು, ಜೊತೆಯ ಕೆಲಸದ ಕೆಂಪಕ್ಕ ಗೋಡೆಯ ಮೇಲೆ ಇದ್ದಿಲಿನಲ್ಲಿ ಗೀಟು ಎಳೆಯುವಳು. ಮೂರು ದಿನಕ್ಕೆ ನೂರಾ ಎಂಬತ್ತು ಸಲ ಹಾಕಿಯಾಗಿತ್ತು. ಮೇಲೆ ಎಪ್ಪತ್ತಾರು, ಕೆಳಗೆ ಎಪ್ಪತ್ಮೂರು. ಯಾವಾಗಲೋ ಒಂದು ಸಲ ಬೀಳಬೇಕಾದ ಏಳು ಮೂವತ್ತೊಂದು ಸಲ ಬಿದ್ದಿತ್ತು.

“ನಿನ್ನ ದಾಳಕ್ಕೆ ಏನೋ ಆಗೈತೆ ತಗಾ,” ಎಂದಳು ಕೆಂಪಕ್ಕ.

ಉಡಚಮ್ಮ ಸಂಜೆಯವರೆಗೆ ಅಡಿಕೆ ಸುಲಿದಳು, ಮನೆಗೆ ಹೋಗಿ ಮುದ್ದೆ ತಿರುವಿದಳು, ತಲೆಯೊಳಗೆ ಮಾತ್ರ ದಾಳ ಉರುಳುತ್ತಲೇ ಇತ್ತು. ಮಾರನೆಯ ದಿನ ಕೆಂಪು ದಾಳವನ್ನು ಮೂರು ಮೇಲಾಗಿಟ್ಟು ಬಿಳಿಯದನ್ನು ಬೆರಳಲ್ಲಿ ತಿರುಗಿಸುತ್ತಾ ಕೂತಿದ್ದಾಗ ಥಟ್ಟನೆ ಹೊಳೆಯಿತು.

“ಕೆಂಪಕ್ಕ, ಇಲ್ಲಿ ನೋಡು. ಹನ್ನೆರಡು ಬೀಳಬೇಕಾದ್ರೆ ಕೆಂಪಿನಾಗೆ ಆರೇ ಬೀಳಬೇಕು, ಬಿಳೀದ್ರಾಗೂ ಆರೇ. ಏಳಕ್ಕೆ ಅಂಥ ಹಟ ಇಲ್ಲ. ಕೆಂಪು ಮೂರು ಬಿತ್ತಾ, ಬಿಳೀದು ನಾಕು. ಕೆಂಪು ಒಂದು ಬಿತ್ತಾ, ಬಿಳೀದು ಆರು. ಕೆಂಪಿನಾಗೆ ಏನಾದ್ರೂ ಬೀಳ್ಲಿ, ಬಿಳೀದ್ರ ಆರು ಮುಖದಾಗೆ ಒಂದು ಮುಖ ಏಳು ಮಾಡಾಕೆ ರೆಡಿಯಾಗಿರ್ತೈತೆ. ಆರು ಸಲಕ್ಕೆ ಒಂದು ಸಲ ಏಳು!”

ಖುಷಿಗೆ ಎದ್ದು ನಿಂತೇಬಿಟ್ಟಳು. ನಾಗರಾಜಪ್ಪನವರು ಅತ್ತ ಕಡೆಯಿಂದ ಕೆಮ್ಮಿದ ಮೇಲೆ ಮತ್ತೆ ಕತ್ತಿಯ ಮುಂದೆ ಕೂತಳು.

ಸಂತೆಯ ಹಿಂದಿನ ದಿನ ಕಣಕ್ಕೆ ರಜೆ. ಮಧ್ಯಾಹ್ನ ಗಂಡನನ್ನು ಕೂರಿಸಿಕೊಂಡು ಅವನ ಮುಂದೆ ಆರು ಅಡಿಕೆ ಇಟ್ಟಳು. ಒಂದೊಂದು ಅಡಿಕೆ ಒಂದೊಂದು ರೂಪಾಯಿ. ಏಳಕ್ಕೇ ಆರು ಸಲ ಕಟ್ಟಿದರೆ ಒಂದು ಸಲ ಗೆಲುವು. ಗೆದ್ದ ನಾಲ್ಕು, ಕಟ್ಟಿದ್ದ ಒಂದು, ಒಟ್ಟು ಐದು ಕೈಗೆ ಬಂತು. ಒಂದು ಅಡಿಕೆ ತಿಪ್ಪೇಶಪ್ಪನ ಕಡೆ ಹೋಯಿತು. ಇನ್ನಾರು ಅಡಿಕೆ ಸೇರಿಸಿ, ಹನ್ನೆರಡು ಸಲ ‘ಮೇಲೆ’ ಕಟ್ಟಿದ ಲೆಕ್ಕ ತೋರಿಸಿದಳು. ಎರಡು ಸಲ ಏಳು, ಐದು ಸಲ ಕೆಳಗೆ, ಐದು ಸಲ ಮಾತ್ರ ಮೇಲೆ. ಹನ್ನೆರಡು ಕೊಟ್ಟವನಿಗೆ ಹತ್ತು ಬಂತು, ಎರಡು ಅಡಿಕೆ ಆ ಕಡೆಗೆ ಹೋದವು.

“ಎಲ್ಲಿ ಕಟ್ಟಿದ್ರೂ ಆರಕ್ಕೆ ಒಂದು ಅವಂದೇ ರೀ. ಒಂದಿನ ನೀವು ಗೆಲ್ಲಬೋದು, ಎರಡು ದಿನ ಗೆಲ್ಲಬೋದು. ಆಡ್ತಾ ಹೋದ್ರೆ ಮಾತ್ರ ಉಳಿಯೋರು ಯಾರೂ ಇಲ್ಲ.”

ಸಣ್ಣಪ್ಪ ಅಡಿಕೆಗಳನ್ನು ಆಚೆಗೊಮ್ಮೆ ಈಚೆಗೊಮ್ಮೆ ಸರಿಸಿ ನೋಡಿದ. ದಡ್ಡನಲ್ಲ ಅವನು, ಅರ್ಥವಾಯಿತು. ಅರ್ಥವಾದದ್ದು ಮಾತ್ರ ಬೇರೆ ದಾರಿ ಹಿಡಿಯಿತು.

“ಅಲ್ಲಲೇ ಉಡಚಿ,” ಅವನ ಕಣ್ಣುಗಳು ಹೊಳೆಯುತ್ತಿದ್ದವು. “ಹಂಗಾದ್ರೆ ನಾವೇ ಬಟ್ಟೆ ಹಾಸಾಣ! ಈ ಮುನ್ನೂರು ಬಂಡವಾಳ. ನನ್ನ ಜೊತೆ ಹಮಾಲಿ ಮಾಡೋ ಜಯಪ್ಪ, ಮಂಡಿ ಹುಡುಗರು, ಎಲ್ಲಾ ನಮ್ಮ ತಾವೇ ಬರ್ತಾರೆ. ಗೆಲ್ಲಾಕೆ ದಾರಿ ಕಂಡ್ರೆ ದುಡ್ಡು ಕೊಡ್ತೀನಿ ಅಂದಿದ್ದೆ. ನೀನೇ ದಾರಿ ಕಂಡ್ಯಲ್ಲ, ಕೊಡು ಮತ್ತೆ!”

ತಾನೇ ತೋಡಿದ ಹಳ್ಳಕ್ಕೆ ತಾನೇ ಬಿದ್ದಂತಾಯಿತು ಉಡಚಮ್ಮನಿಗೆ. ಅವಳು ಕೊಟ್ಟ ಮಾತಿನಲ್ಲಿ ಇಂಥದ್ದೊಂದು ಕಿಂಡಿ ಇದ್ದುದು ಅವಳಿಗೇ ಗೊತ್ತಿರಲಿಲ್ಲ. ಆದರೂ ಗಂಟು ತಂದು ಗಂಡನ ಕೈಯಲ್ಲಿಟ್ಟಳು.

“ತಗಳ್ರಿ. ನಾನು ಮಾತು ಉಳಿಸ್ಕಂಡೆ. ನಾಳೆ ಸಂತೇಲಿ ಹಾಸ್ತೀರಿ ಅಂದ್ರೆ ಇವತ್ತು ಇಲ್ಲೇ ಹಾಸ್ರಿ. ಮೊದಲನೇ ಗಿರಾಕಿ ನಾನೇ.”

ಪಂಚೆ ಹಾಸಿ, ಸುಣ್ಣದಲ್ಲಿ ಮೂರು ಮನೆ ಬರೆದರು. ಸಣ್ಣಪ್ಪ ಲೋಟದಲ್ಲಿ ದಾಳ ಹಾಕಿಕೊಂಡು ಹುರುಪಿನಿಂದ ಕೂತ. ಉಡಚಮ್ಮ ಸೆರಗಿನ ಗಂಟು ಬಿಚ್ಚಿ ವಾರದ ಕೂಲಿ ಸುರಿದಳು: ಹನ್ನೆರಡು ರೂಪಾಯಿ, ಎಲ್ಲಾ ಎಂಟಾಣೆ, ನಾಲ್ಕಾಣೆ ಪಾವಲಿ.

“ಈಗ ನಾನು ನಿಮ್ಮ ಹೆಂಡ್ತಿ ಅಲ್ಲ. ವಾರ ಪೂರ್ತಿ ಅಡಿಕೆ ಸುಲಿದು ಸಂತೆಗೆ ಬಂದೋಳು. ಕುಲುಕ್ರಿ.”

ಮೊದಮೊದಲು ಅವಳೇ ಗೆದ್ದಳು. ಸಣ್ಣಪ್ಪ ನಗುತ್ತಲೇ ಕೊಟ್ಟ. ಗೆದ್ದಾಗ ಏಳುತ್ತಾಳೇನೋ ಎಂದು ನೋಡಿದ, ಏಳಲಿಲ್ಲ. ಆಮೇಲೆ ಗಾಳಿ ತಿರುಗಿತು. ಪ್ರತಿ ಸಲ ಕಟ್ಟುವಾಗಲೂ ಅವಳು ಬಾಯಿಬಿಟ್ಟು ಹೇಳುತ್ತಿದ್ದಳು. “ಇದು ಎಣ್ಣೆಗೆ ಇಟ್ಟಿದ್ದು.” “ಇದು ಮಗೀ ಸ್ಲೇಟಿಗೆ.” ಅಡಿಕೆಯ ಕಪ್ಪು ಹತ್ತಿ, ಕತ್ತಿಯ ಗೀರು ಬಿದ್ದ ಬೆರಳುಗಳು ನಾಣ್ಯವನ್ನು ಮನೆಯೊಳಗೆ ತಳ್ಳುತ್ತಿದ್ದವು, ಸಣ್ಣಪ್ಪ ಅದನ್ನು ಎಳೆದುಕೊಳ್ಳುತ್ತಿದ್ದ. ದಿನವೂ ನೋಡುವ ಬೆರಳುಗಳೇ ಅವು. ಇಷ್ಟು ಹತ್ತಿರದಿಂದ ಅವನು ಯಾವತ್ತೂ ನೋಡಿರಲಿಲ್ಲ.

“ಸಾಕು ಬಿಡೇ,” ಎಂದ.

“ಸಾಕು ಅನ್ನಾಕೆ ನೀವು ಯಾರ್ರಿ? ತಿಪ್ಪೇಶಪ್ಪ ನಿಮಗೆ ಯಾವತ್ತಾದ್ರೂ ಸಾಕು ಅಂದಾನಾ? ಕುಲುಕ್ರಿ.”

ದನಗಳು ಮನೆಗೆ ಬರುವ ಹೊತ್ತಿಗೆ ಅವಳ ಬಳಿ ಒಂದೇ ಒಂದು ಎಂಟಾಣೆ ಉಳಿದಿತ್ತು. “ಇದು ಅಕ್ಕಿ ನುಚ್ಚಿಗೆ,” ಎಂದು ‘ಮೇಲೆ’ ಇಟ್ಟಳು. ಕೆಂಪು ನಾಲ್ಕು, ಬಿಳಿ ಮೂರು. ಸಣ್ಣಪ್ಪನ ಕೈ ಮುಂದೆ ಬಂದದ್ದು ಅರ್ಧಕ್ಕೇ ನಿಂತಿತು.

“ತಗಳ್ರಿ. ಏಳು ಬಟ್ಟೆ ಹಾಸಿದೋರದು.”

“ನಿನ್ನ ಕೂಲಿ ಗೆದ್ದು ನಾನು ಏನು ಮಾಡ್ಲೇ ಉಡಚಿ?”

“ನಂದು ಬ್ಯಾಡ ಅಂದ್ರೆ ಬಿಡ್ರಿ. ನಾಳೆ ಜಯಪ್ಪ ಬಂದು ಇದೇ ಜಾಗದಾಗೆ ಕುಂತ್ಕಂತಾನೆ. ದಿನಾ ನಿಮ್ಮ ಬೆನ್ನಿಗೆ ಮೂಟೆ ಏರಿಸೋನು ಅವನೇ ಅಲ್ಲೇನು? ಅವಂದು ಗೆದ್ದು ಏನು ಮಾಡ್ತಿದ್ರಿ, ಅದನ್ನ ಹೇಳ್ರಿ.”

ಸಣ್ಣಪ್ಪ ಗೆದ್ದ ಚಿಲ್ಲರೆಯನ್ನೂ ಮುನ್ನೂರರ ಗಂಟನ್ನೂ ಒಟ್ಟಿಗೆ ಅವಳ ಮಡಿಲಿಗೆ ಹಾಕಿ, ಎದ್ದು ಚಪ್ಪಲಿ ಮೆಟ್ಟಿಕೊಂಡ.

“ಎಲ್ಲಿಗೆ ಹೊಂಟ್ರಿ?”

“ಜಯಪ್ಪನ ಮನೆಗೆ. ನಾಳೆ ಸಂತೇಲಿ ದಾಳಕ್ಕೆ ಕಟ್ಟಾಕೆ ಅಂತ ಅವನು ಕುರಿ ಮಾರ್ಯಾನೆ. ಅವನಿಗೂ ಹೇಳಬೇಕು.”