ಒಂದು ದಿನ ಹೆಚ್ಚು ಎಣಿಸಿದ ಕಾಂತರಾಜ್

ಬೆಳಗಿನ ಐದೂವರೆ. ಬಂಗಾರಪೇಟೆ ರೈಲು ನಿಲ್ದಾಣದ ಎದುರಿನ ಜೆರಾಕ್ಸ್ ಅಂಗಡಿಯ ಷಟರ್ ಅರ್ಧ ಮಾತ್ರ ಮೇಲೆದ್ದಿದೆ. ರೈಲು ಹಿಡಿಯಲು ಬಂದವರೊಬ್ಬರು ಬಗ್ಗಿ, "ಅಣ್ಣಾ, ಆಧಾರ್ ಒಂದು ಕಾಪಿ" ಎನ್ನುತ್ತಾರೆ. "ಆರು ಗಂಟೆಗೆ ಬರ್ರಪ್ಪಾ" ಎಂದು ಒಳಗಿನಿಂದ ಉತ್ತರ. ಐವತ್ತನಾಲ್ಕರ ಕಾಂತರಾಜ್ ಕಂಪ್ಯೂಟರಿನಿಂದ ಕಣ್ಣು ಕೀಳುವುದಿಲ್ಲ. ಈ ಅರ್ಧ ಗಂಟೆ ತಾರೀಕುಗಳ ಕೆಲಸಕ್ಕೆ ಮೀಸಲು.

ಎರಡು ತಾರೀಕು ಕೊಟ್ಟರೆ ನಡುವೆ ಎಷ್ಟು ದಿನ, ಎಷ್ಟು ವರ್ಷ ಎಂದು ಹೇಳುವ ಪುಟ್ಟ ಕೋಡ್ ಅವರದು. ಹೆಸರು 'ದಿನಲೆಕ್ಕ'. ಓಪನ್ ಸೋರ್ಸ್ ಆದ್ದರಿಂದ ಯಾರು ಬೇಕಾದರೂ ಬಿಟ್ಟಿಯಾಗಿ ಎತ್ತಿಕೊಂಡು ತಮ್ಮ ತಂತ್ರಾಂಶಕ್ಕೆ ಸೇರಿಸಿಕೊಳ್ಳಬಹುದು. ದಿನಕ್ಕೆ ಒಂಬತ್ತು ಸಾವಿರ ಸಲ ಇಳಿಸಿಕೊಳ್ಳುತ್ತಾರೆ. ಹನ್ನೊಂದು ವರ್ಷದಲ್ಲಿ ಥ್ಯಾಂಕ್ಸ್ ಹೇಳಿ ಬಂದ ಪತ್ರಗಳು ಎರಡು. ಅದರಲ್ಲೊಂದು ಬೇರೆ ಯಾರಿಗೋ ಹೋಗಬೇಕಿದ್ದದ್ದು!

ಕಾಂತರಾಜ್ ಕೋರಮಂಡಲ್ ಚಿನ್ನದ ಗಣಿಯ ಟೈಮ್ ಆಫೀಸಿನಲ್ಲಿ ಹಾಜರಿ ಬರೆಯುತ್ತಿದ್ದವರು. 2001ರಲ್ಲಿ ಗಣಿ ಮುಚ್ಚಿತು. ಮೂರು ವರ್ಷ ಕೂಲಿನಾಲಿ ಮಾಡಿ, ಆಮೇಲೆ ಈ ಅಂಗಡಿ ಇಟ್ಟರು. ಅರ್ಜಿ ತುಂಬಿಸಲು ಬಂದವರ ವಯಸ್ಸನ್ನು ಬೆರಳೆಣಿಸಿ ಹೇಳಿ ಹೇಳಿ ಸಾಕಾಗಿ, ಪುಸ್ತಕ ನೋಡಿಕೊಂಡೇ ಕೋಡ್ ಬರೆಯಲು ಕಲಿತರು. ಗಣಿಯ ಅಭ್ಯಾಸ ಮಾತ್ರ ಬಿಡಲಿಲ್ಲ.

"ನಮ್ಮ ಹಾಜರೀಲಿ ಕೆಲ್ಸಕ್ಕೆ ಸೇರಿದ ದಿನಾನೂ ಲೆಕ್ಕ, ಕೆಲ್ಸ ಬಿಟ್ಟ ದಿನಾನೂ ಲೆಕ್ಕ. ವಯಸ್ಸಿಗೂ ಅಂಗೇ ಬರ್ದ್‌ಬಿಟ್ಟೆ ಸಾರ್. ಎಲ್ಲರ್ಗೂ ಒಂದು ದಿನ ಜಾಸ್ತಿ ಆಗ್ತಿತ್ತು. ಒಂದು ದಿನ ಯಾರ್ ನೋಡ್ತಾರೆ?"

ನೋಡುವ ದಿನವೂ ಬಂತು. ಎರಡು ವರ್ಷದ ಹಿಂದೆ ಕ್ಯಾಸಂಬಳ್ಳಿಯ ಕಲ್ಪನ ಲ್ಯಾಬ್ ಸಹಾಯಕಿ ಕೆಲಸಕ್ಕೆ ಅರ್ಜಿ ಹಾಕಲು ಇದೇ ಅಂಗಡಿಗೆ ಬಂದರು. ಅಂದೇ ಕೊನೆಯ ದಿನ. ವಯಸ್ಸು ಮೂವತ್ತೈದು ಮೀರಿರಬಾರದು. ಅವರಿಗೆ ಅವತ್ತೇ ಸರಿಯಾಗಿ ಮೂವತ್ತೈದು ತುಂಬಿತ್ತು. ಅರ್ಜಿ ತುಂಬುವ ಜಾಲತಾಣ ಮಾತ್ರ 'ಮೂವತ್ತೈದು ವರ್ಷ, ಒಂದು ದಿನ' ಎಂದು ತೋರಿಸಿ ಅರ್ಜಿಯನ್ನು ತಳ್ಳಿಹಾಕಿತು. ಆ ಜಾಲತಾಣದ ಒಳಗಿದ್ದದ್ದು 'ದಿನಲೆಕ್ಕ' ಎಂಬುದು ಕಾಂತರಾಜ್‌ಗೆ ಆ ಒಂದು ದಿನ ಕಂಡ ಕೂಡಲೇ ಹೊಳೆಯಿತು.

"ನಾಲ್ಕು ಸಲ ಸಬ್ಮಿಟ್ ಒತ್ತಿದೆ. ಆಮೇಲೆ ಆಯಮ್ಮಂಗೆ, 'ಅವ್ರ ಕಂಪ್ಯೂಟ್ರೇ ಸರಿಯಿಲ್ಲಮ್ಮ' ಅಂದ್‌ಬಿಟ್ಟೆ."

ಅಂದು ಸಂಜೆಯೇ ಕೋಡ್ ತಿದ್ದಿದರು. ಜಾಲತಾಣದವರು ತಿದ್ದಿದ್ದನ್ನು ಹಾಕಿಕೊಳ್ಳುವಷ್ಟರಲ್ಲಿ ಕೆಲಸ ಬೇರೆಯವರ ಪಾಲಾಗಿತ್ತು. ಆಗಿದ್ದನ್ನು ತಿಳಿಸಿ ಕಾಂತರಾಜ್ ಜಾಲತಾಣದವರಿಗೆ ಬರೆದ ಮೂರು ಪತ್ರಗಳಿಗೆ ಉತ್ತರವಿಲ್ಲ. ಮುಂದಿನ ಸಲ ಅರ್ಜಿ ಕರೆಯುವಾಗ ಕಲ್ಪನ ವಯಸ್ಸು ನಿಜವಾಗಿಯೇ ಮೀರಿತ್ತು. ಈಗ ಅವರು ದಿನವೂ ರೈಲು ಹತ್ತಿ ಗಾರ್ಮೆಂಟ್ಸಿಗೆ ಹೋಗುತ್ತಾರೆ.

"ಬೈದಿದ್ರೆ ವಾಸಿ ಇತ್ತು. ದಿನಾ ಓಗೋವಾಗ 'ತಿಂಡಿ ಆಯ್ತಾ ಅಣ್ಣಾ' ಅಂತ ಕೇಳ್ತಾಳೆ. ನಾನು ಊಂ ಅಂದ್‌ಬಿಟ್ಟು ಕಂಪ್ಯೂಟ್ರ ಕಡೆ ತಿರುಗ್ತೀನಿ."

ನಾನು ಬಂದದ್ದು ನಮ್ಮ ಪತ್ರಿಕೆಯ ಶನಿವಾರದ ಪುಟಕ್ಕೆ ಇವರನ್ನು ಮೆಚ್ಚಿ ನಾಲ್ಕು ಮಾತು ಬರೆಯಲು. ಇದನ್ನೆಲ್ಲ ಬಿಟ್ಟುಬಿಡಲೇ ಎಂದು ಕೇಳಿದರೆ ಕಾಂತರಾಜ್ ಬೇಡವೆಂದು ತಲೆಯಾಡಿಸುತ್ತಾರೆ.

"ಬಿಡ್‌ಬೇಡಿ ಸಾರ್, ಬರೀರಿ. ಆಯಮ್ಮನ ಎದುರಿಗೆ ನಿಂತು ತಪ್ಪು ನಂದೇ ಅಂತ ಏಳೋ ಧೈರ್ಯ ಎರಡು ವರ್ಷದಿಂದ ಬಂದಿಲ್ಲ. ಶನಿವಾರ ರೈಲಲ್ಲಿ ಓದೋಕೆ ನನ್ನ ಅಂಗಡಿ ಪೇಪರ್ನೇ ಇಸ್ಕೊಂಡ್ ಓಗ್ತಾಳೆ ಆಯಮ್ಮ. ನೀವು ಬರೆದಿದ್ ಪುಟ ಮೇಲಕ್ಕೆ ಮಡ್ಚಿ, ನಾನೇ ಕೈಗೆ ಕೊಡ್ತೀನಿ."